ಕಮಲಾಕ್ಷಿಯ ಹೆಸರಲ್ಲಿ ಅಳಿಸಿದ ವಿಳಾಸ

ಕಮಲಾಕ್ಷಿ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಅವಳ ಬಗ್ಗೆ ಸಮಾಧಾನದಿಂದ ಬರೆಯಲು ನನಗಿನ್ನೂ ಆಗುತ್ತಿಲ್ಲ.

ಲಿಂಗಸುಗೂರಿನ ಕಡೆಯವಳು. ತಂದೆಯ ನೌಕರಿಯಿಂದಾಗಿ ಹೈದರಾಬಾದಿಗೆ ಬಂದು, ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ ನಮ್ಮ ಎದುರು ಮನೆಯಲ್ಲಿ ಬೆಳೆದಳು. ತಂದೆ ಹೋದ ಮೇಲೆ ಅವಳು, ತಾಯಿ ಬಸಲಿಂಗಮ್ಮ ಇಬ್ಬರೇ. ಶಂಶಾಬಾದಿನಲ್ಲಿ ಔಷಧ ಇಡುವ ಶೀತಲ ಗೋದಾಮೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಳು. ಕೆಲಸವೇನೆಂದು ಕೇಳಿದರೆ ನಗುವಳು: "ಮನಿ ನಂಬರ್ ಬರಿಯೂ ಕೆಲಸ ನೋಡವಾ. ರೌಟರಿನ ಒಂದೊಂದು ಪೋರ್ಟಿಗೆ ಒಂದೊಂದು ಐಪಿ ವಿಳಾಸ. ಎರಡು ಮನಿಗೆ ಒಂದ ನಂಬರ್ ಬರದ್ರ ಪೋಸ್ಟ್‌ಮ್ಯಾನ್ ಏನ್ ಮಾಡ್ಬೇಕು, ಪಾಪ?"

ಅಲ್ಲಿ ಒಂದು ರೂಢಿಯಿತ್ತು. ಲಾಗಿನ್ ಆಗಲು ಪ್ರತಿ ಸಲ ಮುಖ್ಯ ಕಚೇರಿಯಿಂದ ಅನುಮತಿ ಬರಬೇಕು, ಕಾಯುವುದೇ ಕೆಲಸ. ಹಾಗಾಗಿ ಊಟಕ್ಕೆ ಏಳುವವರು ಲಾಗಿನ್ ಮುಚ್ಚದೆ ಏಳುತ್ತಿದ್ದರು, ಬಂದು ಕೂತವರು ಅದರಲ್ಲೇ ಮುಂದುವರಿಸುತ್ತಿದ್ದರು. ಮುಚ್ಚಿ ಎದ್ದರೆ ಜೊತೆಯವರನ್ನು ನಂಬದಂತೆ.

ಒಂದು ದಿನ ಕಮಲಾಕ್ಷಿ ಹಾಗೆ ಊಟಕ್ಕೆ ಎದ್ದಾಗ ಬಂದು ಕೂತವನು ರವಿಕಿರಣ. ಇವಳೇ ಕೆಲಸ ಕಲಿಸಿದವನು. ಭಾನುವಾರ ಮನೆಗೆ ಬಂದು, ರೊಟ್ಟಿ ಉಂಡು, "ಅಕ್ಕಾ, ಇನ್ನೊಂದು" ಎನ್ನುತ್ತಿದ್ದವನು. ಹೊಸ ಕ್ಯಾಮೆರಾಗಳ ಪೋರ್ಟಿಗೆ ಅವನು ಕೊಡಹೊರಟ ವಿಳಾಸ ಆಗಲೇ ಶೀತಲ ಕೋಣೆಗಳ ಪೋರ್ಟಿನ ಮೇಲಿತ್ತು. ರೌಟರ್ ಒಪ್ಪಲಿಲ್ಲ. ಆ ಪೋರ್ಟು ಬಳಕೆಯಲ್ಲಿಲ್ಲ ಎಂದುಕೊಂಡು ಅದರ ವಿಳಾಸ ಅಳಿಸಿ ಹೊಸದಕ್ಕೆ ಹಾಕಿದ. ಕೋಣೆಗಳ ತಾಪಮಾನ ಅಳೆಯುವ ಸೆನ್ಸರ್‌ಗಳ ಸಂಪರ್ಕ ಕಡಿಯಿತು. ಮರುದಿನ ಒಂದು ಕೋಣೆಯ ಯಂತ್ರ ಕೆಟ್ಟಾಗ ಎಚ್ಚರಿಕೆ ಯಾರಿಗೂ ಮುಟ್ಟಲಿಲ್ಲ. ಔಷಧವೆಲ್ಲ ಹಾಳಾಯಿತು.

ವಿಚಾರಣೆಯಲ್ಲಿ ರೌಟರ್ ತೋರಿಸಿದ್ದು ಕಮಲಾಕ್ಷಿಯ ಹೆಸರು. ಅವಳು ರವಿಕಿರಣನ ಮುಖ ನೋಡಿದಳಂತೆ. ಅವನು ಮ್ಯಾನೇಜರಿಗೆ ಹೇಳಿದ್ದು ಇಷ್ಟೇ: "ಲಾಗಿನ್ ಮೇಡಂದು ಐತ್ರಿ ಸರ್. ಅವರನ್ನ ಕೇಳ್ರಿ." ಆಮೇಲೆ ಪಾರ್ಕಿಂಗಿನಲ್ಲಿ ಅಳುತ್ತ ಎಲ್ಲವನ್ನೂ ಅವಳ ಮುಂದೆ ಒಪ್ಪಿಕೊಂಡ. ಒಳಗೆ ಹೋಗಿ ಹೇಳಲಿಲ್ಲ. ಅವಳ ನೌಕರಿ ಹೋಯಿತು.

"ನೌಕರಿ ಹೋದ್ರ ಹೋಗ್ಲಿ," ಎಂದಳು ನನ್ನೆದುರು. "ಮೇಡಂ ಅಂದ್ನಲ್ಲ!"

ಆದರೆ ಅವಳನ್ನು ಹಣ್ಣು ಮಾಡಿದ್ದು ತಾಯಿಯ ಮಾತು. "ಆ ಹುಡುಗ ಅಂಥಾವ ಅಲ್ಲ. ನಿನ್ನ ತಪ್ಪು ಅವನ ತಲಿಗ್ಯಾಕ ಕಟ್ತಿ?" ಎಂದರು ಬಸಲಿಂಗಮ್ಮ. ಕಮಲಾಕ್ಷಿ ಸುಲ್ತಾನ್ ಬಜಾರಿನ ಅಂಗಡಿಯೊಂದರಲ್ಲಿ ಮೊಬೈಲ್ ಕವರ್ ಮಾರಲು ಸೇರಿದಳು. "ನಮ್ಮವ್ವ ಒಬ್ಬಾಕಿ ನಂಬಿದ್ರ ಸಾಕು ನನಗ" ಎನ್ನುತ್ತಿದ್ದಳು. ನಂಬಿಸುವ ಮೊದಲೇ ಹೋದಳು.

ಮಣ್ಣಾದ ಮರುದಿನ ರವಿಕಿರಣ ಬಂದು, ಫೋಟೋ ಮುಂದೆ "ಅಕ್ಕಾ" ಎಂದು ಅತ್ತ. ಬಸಲಿಂಗಮ್ಮ ಅವನ ಬೆನ್ನು ಸವರಿದರು. "ಆಕಿ ನಿನ್ನ ಮ್ಯಾಲ ಹಾಕಿದ್ದು ಮನಸ್ಸಿಗೆ ಹಚ್ಕೋಬ್ಯಾಡಪಾ. ಸತ್ತಾಕಿನ್ನ ಮಾಫ್ ಮಾಡು."

ಅವನು ತಲೆಯಾಡಿಸಿದ. ಮಾಫ್ ಮಾಡಿದ!

ನನಗೆ ತಡೆಯಲಾಗಲಿಲ್ಲ. "ಯಾರು ಯಾರನ್ನ ಮಾಫ್ ಮಾಡೂದೋ? ಆ ವಿಳಾಸ ಅಳಿಸಿದಾವ ಯಾರು, ಹೇಳು ಅವ್ವನ ಮುಂದ."

"ಸತ್ತ ಮನ್ಯಾಗ ಜಗಳ ಬ್ಯಾಡವಾ," ಎಂದರು ಬಸಲಿಂಗಮ್ಮ. ಆಮೇಲೆ ಅವನ ಕಡೆ ತಿರುಗಿದರು. "ನಾ ಅಲ್ಲ ಅಂತ ಹೇಳಪಾ. ಒಂದ ಮಾತು."

ಅವನು ಎದ್ದು ಚಪ್ಪಲಿ ಹುಡುಕತೊಡಗಿದ.

"ಹೇಳೋ, ರವಿ," ಎಂದರು ಬಸಲಿಂಗಮ್ಮ ಮತ್ತೆ.

ಅವನು ಮೆಟ್ಟಿಲಿಳಿದು ಹೋದ. ಬಸಲಿಂಗಮ್ಮ ಬಾಗಿಲನ್ನೇ ನೋಡುತ್ತ ಕೂತಿದ್ದರು. ಆಮೇಲೆ, ಮಗಳು ಒಳಕೋಣೆಯಲ್ಲಿ ಇದ್ದಾಳೇನೋ ಎಂಬಂತೆ, ಮೆಲ್ಲಗೆ ಅವಳ ಹೆಸರು ಹಿಡಿದು ಕರೆದರು.