ಟ್ಯಾಂಕಿನ ಕೆಳಗಿನ ಕಂಬಳಿ

ನಮ್ಮ ದೋಣಿ ಅಂಗಳದ ವೆಲ್ಡಿಂಗ್ ಮೇಸ್ತ್ರಿ ತಗಡಿಗೆ ತಗಡು ಕೂಡಿಸಿದರೆ ಆ ಜೋಡಣೆಯಲ್ಲಿ ಇರುವೆಯ ಉಸಿರೂ ನುಸುಳುತ್ತಿರಲಿಲ್ಲ. ಅವನು ಮಾಡಿದ ಡೀಸೆಲ್ ಟ್ಯಾಂಕೊಂದರಲ್ಲಿ ಸಿಕ್ಕಿಕೊಂಡ ಸೊಳ್ಳೆ ಎಂಟು ವರ್ಷದ ಮೇಲೆ ಮುಚ್ಚಳ ತೆಗೆದಾಗ ಮೊಮ್ಮಕ್ಕಳ ಸಮೇತ ಹೊರಗೆ ಬಂತು ಎಂದು ನಾನೇ ಹತ್ತಾರು ಜನಕ್ಕೆ ಹೇಳಿದ್ದೇನೆ. ನಾನು ಅದೇ ಅಂಗಳದಲ್ಲಿ ಹಾಯಿ ಹೊಲಿಯುವವನು. ಹಾಯಿ ಹೊಲಿಯುವವನಿಗೆ ಕೈಗೆ ಕೆಲಸ, ಬಾಯಿಗೆ ಬಿಡುವು. ಆ ಬಿಡುವಿನಲ್ಲಿ ನಾನು ಮಾಡಿದ ಅನಾಹುತ ಒಂದೆರಡಲ್ಲ.

ಮೇಸ್ತ್ರಿಯ ಶೆಡ್ಡಿಗೆ ಕಾಲಿಟ್ಟರೆ ಚಪ್ಪಲಿ ಒರಸಿಕೊಂಡು ಹೋಗಬೇಕು ಅನ್ನಿಸುತ್ತಿತ್ತು. ಗೋಡೆಯ ಮೇಲೆ ಒಂದೊಂದು ಸುತ್ತಿಗೆಗೂ ಇಕ್ಕಳಕ್ಕೂ ಬಣ್ಣದಲ್ಲಿ ಅದರದರ ಆಕಾರ ಬರೆದಿದ್ದ. ಯಾರಾದರೂ ಇಕ್ಕಳ ತೆಗೆದುಕೊಂಡು ಹೋದರೆ ಗೋಡೆಯೇ ಬೈಯುವ ಹಾಗೆ ಕಾಣುತ್ತಿತ್ತು. ಮಾತು ಕಡಿಮೆ, ಆಡಿದರೆ ಕೊಯ್ಯುವಂಥದ್ದು. ಟ್ಯಾಂಕು ಕೂರುವ ಮರದ ಚೌಕಟ್ಟಿಗೆ ನಮ್ಮಲ್ಲಿ ತೊಟ್ಟಿಲು ಅನ್ನುತ್ತಾರೆ. ತೊಟ್ಟಿಲು ಮಾಡುತ್ತಿದ್ದವನು ಅವನ ಸ್ವಂತ ತಮ್ಮ, ಬಡಗಿ. ತೊಟ್ಟಿಲ ಮೇಲೆ ಮೇಸ್ತ್ರಿ ತನ್ನ ಕೈಯಾರೆ ಹಳೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಟ್ಯಾಂಕು ಇಡುತ್ತಿದ್ದ. ತಗಡು ಮರಕ್ಕೆ ಉಜ್ಜಬಾರದು ಎಂದು. ಹೆತ್ತ ಮಕ್ಕಳಿಗೂ ಅವನು ಅಷ್ಟು ಮೆತ್ತಗೆ ಹಾಸಿದವನಲ್ಲ.

ನಮ್ಮ ಅಂಗಳದ ಪದ್ಧತಿಯೊಂದನ್ನು ಹೇಳಬೇಕು. ದೋಣಿ ಕಟ್ಟುವಾಗ ಟ್ಯಾಂಕು ಮೊದಲು ಒಳಗೆ ಹೋಗುತ್ತದೆ. ಆಮೇಲೆ ಎಂಜಿನ್ನು, ಆಮೇಲೆ ಕ್ಯಾಬಿನ್ನು, ಕೊನೆಗೆ ನೆಲದ ಹಲಗೆ. ಹೋದ ಟ್ಯಾಂಕು ಮತ್ತೆ ಬೆಳಕು ಕಾಣುವುದಿಲ್ಲ. ಸೋರಲು ಶುರುವಾದರೆ ಡೀಸೆಲ್ ಖಾಲಿ ಮಾಡಿ, ಅದನ್ನು ಅಲ್ಲೇ ಸಾಯಲು ಬಿಟ್ಟು, ಸಾಮಾನಿನ ಗೂಡಿನಲ್ಲಿ ಚಿಕ್ಕದೊಂದನ್ನು ಕೂರಿಸುವುದು. ಹೀಗಾಗಿ ಸೋರಿದ ಟ್ಯಾಂಕಿನ ತಳವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಎರಡು ದೋಣಿಯ ಟ್ಯಾಂಕು ಸೋರಿದವು. ಎರಡೂ ಮೇಸ್ತ್ರಿಯವು. ಅವನು ಹಲಗೆಯ ಸಂದಿಯಲ್ಲಿ ಭುಜದವರೆಗೂ ಕೈ ತೂರಿಸಿ ತಳ ತಡವಿದ. ಏನೋ ಚುಚ್ಚಿತು. ರಕ್ತ ಬಂದ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ಚಹಾದ ಹೊತ್ತಿಗೆ ಒಂಬತ್ತು ಜನ ಕೂತಿದ್ದಲ್ಲಿಗೆ ಬಂದ.

"ಕಬ್ಬಿಣಕ್ಕೆ ಬುದ್ಧಿ ಹೇಳಬಲ್ಲೆ, ಮನೇಲಿರೋ ಕೊರಡಿಗೆ ಹೇಗೆ ಹೇಳ್ಲಿ? ತೊಟ್ಟಿಲಿನ ಮೊಳೆ ತಲೆ ಎತ್ಕೊಂಡಿದ್ರೂ ಹಾಗೇ ಬಿಟ್ಟಿದ್ದಾನೆ. ಟ್ಯಾಂಕು ತೂತಾಗದೆ ಇನ್ನೇನಾಗುತ್ತೆ?"

ಅಲ್ಲೇ ಕೂತಿದ್ದ ತಮ್ಮ ಲೋಟ ಕೆಳಗಿಟ್ಟ. "ಅಣ್ಣ, ಆ ಮೊಳೆ ತೋರಿಸು."

"ತೋರಿಸೋಕೆ ದೋಣಿ ಒಡೀಬೇಕಾ? ಬೆರಳು ಸಾಲದಾ ನಿಂಗೆ?"

ಆಗ ನಾನು ಸುಮ್ಮನಿರಬಹುದಿತ್ತು. ಎದ್ದು ಬಂದ ತಮ್ಮನ ಕಡೆ ಕೈ ತೋರಿಸಿ "ದಾರಿ ಬಿಡ್ರಪ್ಪ, ಮೊಳೆರಾಯರು ಬಂದ್ರು" ಅಂದೆ. ಅವನೊಬ್ಬನ ಹೊರತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ನಾಟಿದ ಮಾತು ಇನ್ನೊಂದಿಲ್ಲ. ವಾರದೊಳಗೆ ಆ ಹೆಸರು ಊರು ಸುತ್ತಿತು. ತಿಂಗಳೊಳಗೆ ತಮ್ಮನಿಗೆ ಒಂದು ದೋಣಿಯ ಕೆಲಸವೂ ಇಲ್ಲವಾಯಿತು. ಹತಾರದ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಹೋದವನು ಊರಾಚೆಯ ಕಾರ್ಖಾನೆಯಲ್ಲಿ ಶಾಲೆಯ ಬೆಂಚು ಮಾಡಲು ಸೇರಿಕೊಂಡ. ಅವನ ಮಗಳನ್ನು ಶಾಲೆಯಲ್ಲಿ "ಮೊಳೆ ಮಗಳು" ಎಂದು ಕರೆದರಂತೆ. ಅಣ್ಣತಮ್ಮಂದಿರು ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ಅತ್ತಿಗೆ ಕೆಮ್ಮಿದರೆ ಮೈದುನನಿಗೆ ಕೇಳಿಸುತ್ತಿತ್ತು, ಮಾತು ಮಾತ್ರ ಹದಿನಾಲ್ಕು ವರ್ಷ ಆ ಗೋಡೆ ದಾಟಲಿಲ್ಲ.

ಈಗ ಟೀಚರ ವಿಷಯ. ಲೆಕ್ಕ ಕಲಿಸಿ ನಿವೃತ್ತರಾದ ಹೆಂಗಸು, ಒಬ್ಬರೇ ಹಾಯಿದೋಣಿ ನಡೆಸುತ್ತಾರೆ. ಅವರ ಹಳೆ ದೋಣಿಯ ಟ್ಯಾಂಕೂ ಮೇಸ್ತ್ರಿಯದೇ, ತೊಟ್ಟಿಲು ತಮ್ಮ ಅಂಗಳ ಬಿಡುವ ಮೊದಲು ಮಾಡಿದ್ದು. ಈ ವರ್ಷ ಆ ಟ್ಯಾಂಕು ಸೋರತೊಡಗಿ, ವಾಸನೆ ದಿಂಬಿಗೆ, ಬ್ರೆಡ್ಡಿಗೆ, ತಲೆಗೂದಲಿಗೆ ಹತ್ತಿತು. ಆ ದೋಣಿಯ ಮೇಲೆ ಕೂತೆದ್ದ ಕಾಗೆ ಹಾರುವಾಗ ಹಿಂದಿನಿಂದ ಹೊಗೆ ಬಿಡುತ್ತಿತ್ತು. ಮೇಸ್ತ್ರಿ ಎಂದಿನ ಹಾಗೆ ಹೇಳಿದ: "ಅದು ಅಲ್ಲೇ ಇರ್ಲಿ ಟೀಚರ್, ಚಿಕ್ಕದೊಂದು ಬೇರೆ ಕೂರಿಸ್ತೀನಿ."

"ಸತ್ತಿದ್ದನ್ನ ಹೊಟ್ಟೇಲಿಟ್ಕೊಂಡು ನಾನು ಸಮುದ್ರಕ್ಕೆ ಹೋಗಲ್ಲ. ಹೊರಗೆ ತೆಗೀರಿ."

"ದೋಣಿ ಕೊಯ್ಯಬೇಕಾಗುತ್ತೆ."

"ಟ್ಯಾಂಕು ಕೊಯ್ಯಿರಿ. ದೋಣಿ ಯಾಕೆ ಕೊಯ್ತೀರಿ?"

ಮೂವತ್ತು ವರ್ಷದಲ್ಲಿ ನಮ್ಮ ಒಬ್ಬರ ತಲೆಗೂ ಹೊಳೆಯದ ಮಾತು.

ಕೈಪಂಪಿನಿಂದ ಡೀಸೆಲ್ ಎಲ್ಲ ಡ್ರಮ್ಮಿಗೆ ಎತ್ತಿದೆವು. ಪೈಪುಗಳನ್ನು ಬಿಚ್ಚಿ, ಮೂರು ಸಲ ಸೋಪಿನ ನೀರು ಹಾಕಿ ತೊಳೆದೆವು. ಒಳಗೆ ಆವಿ ಉಳಿದಿದ್ದರೆ ಒಂದು ಕಿಡಿ ಸಾಕು, ಅದಕ್ಕೇ ಬೆಂಕಿಯ ಕೆಲಸವಿಲ್ಲ, ಕೈಗರಗಸ ಮಾತ್ರ. ಮೇಸ್ತ್ರಿ ಎಂಜಿನ್ನಿನ ಪಕ್ಕದ ಕಿಂಡಿಯಲ್ಲಿ ಒಂದೇ ಮಗ್ಗುಲಾಗಿ ಮಲಗಿ ಮೂರು ದಿನ ಕೊಯ್ದ. ನಾನು ಬ್ಯಾಟರಿ ಹಿಡಿದೆ. ಮೇಲಿನ ತಗಡು, ಪಕ್ಕದ ತಗಡು ಒಂದೊಂದೇ ಬಂದವು. ಎಲ್ಲೂ ಜೋಡಣೆ ಬಿಟ್ಟಿರಲಿಲ್ಲ. ಒಂದೊಂದಕ್ಕೂ ಅವನ ಮುಖ ಅರಳುತ್ತಿತ್ತು.

ಮೂರನೆಯ ದಿನ ತಳದ ತಗಡು ಎತ್ತುವಾಗ ಅಂದಿನ ಹಾಗೇ ಬೆರಳಿಗೆ ಏನೋ ಚುಚ್ಚಿತು. ಮಗುಚಿ ಹಾಕಿದ. ಜರಡಿ. ತುಕ್ಕು ತಿಂದ ತೂತಿನ ಅಂಚುಗಳು ಹೊರಕ್ಕೆ ಮುಳ್ಳಿನಂತೆ ಚಾಚಿದ್ದವು. ತೊಟ್ಟಿಲ ಮೇಲೆ ಅವನ ಕಂಬಳಿ ಕಪ್ಪಗೆ ಕೊಳೆತು ಕೂತಿತ್ತು. ಹಿಂಡಿದರೆ ಉಪ್ಪುನೀರು. ದೋಣಿಯ ತಳಕ್ಕೆ ಇಳಿದ ನೀರನ್ನೆಲ್ಲ ಹೀರಿಕೊಂಡು, ಒಣಗಲು ಬಿಡದೆ, ವರ್ಷಗಟ್ಟಲೆ ತಗಡಿಗೆ ಒತ್ತಿ ಹಿಡಿದಿತ್ತು. ಮೇಸ್ತ್ರಿ ತೊಟ್ಟಿಲ ಉದ್ದಕ್ಕೂ ಬೆರಳಾಡಿಸಿದ. ಮೊಳೆಗಳ ತಲೆ ಒಂದು ಅಕ್ಕಿಕಾಳಿನಷ್ಟು ಆಳಕ್ಕೆ ಇಳಿದು, ಮೇಲೆ ಮೇಣ ಮೆತ್ತಿತ್ತು.

"ಎಷ್ಟು ಟ್ಯಾಂಕಿಗೆ ಹಾಸಿದ್ದೀನಿ ಗೊತ್ತಾ?" ಅಂದ.

"ನಂಗೇನು ಗೊತ್ತು ಮಾರಾಯ."

"ಎಲ್ಲದಕ್ಕೂ."

ಆ ಕಂಬಳಿಯ ತುಂಡನ್ನು ಅವನು ಒಲೆಗೆ ಹಾಕಿದ್ದರೆ ಕೇಳುವವರಿರಲಿಲ್ಲ, ನಾನೂ ಬಾಯಿ ಬಿಡುತ್ತಿರಲಿಲ್ಲ. ಹಾಕಲಿಲ್ಲ. ಹಳೆ ಪತ್ರಿಕೆಯಲ್ಲಿ ಸುತ್ತಿ ಶೆಡ್ಡಿನಲ್ಲಿಟ್ಟ. ತಮ್ಮನಿಗೆ ಹೇಳಬೇಕು, ಹೇಗೆ ಹೇಳುವುದು, ಎಂಬುದೊಂದೇ ಅವನನ್ನು ಕೊರೆಯುತ್ತಿತ್ತು. ಹತ್ತು ದಿನದಲ್ಲಿ ಮನುಷ್ಯ ಎಷ್ಟು ಇಳಿದನೆಂದರೆ ಬೆಲ್ಟಿಗೆ ತೂತು ಹೊಡೆದೂ ಹೊಡೆದೂ ಬೆಲ್ಟೇ ಸಾಲದಾಯಿತು.

ಆ ಹತ್ತು ದಿನದಲ್ಲೇ ಹೊಸ ಟ್ಯಾಂಕು ಮಾಡಿದ. ಕಿಂಡಿಯಲ್ಲಿ ತೂರುವಂತೆ ಎರಡು ಚಿಕ್ಕ ಟ್ಯಾಂಕು, ನಡುವೆ ಪೈಪು. ಕೂರಿಸಲು ಹೊಸ ತೊಟ್ಟಿಲು ಬೇಕಿತ್ತು, ಹಳೆಯದರ ಮರವೂ ಕೊಳೆತಿತ್ತು. ಟೀಚರು ಯಾರನ್ನೂ ಕೇಳದೆ ಬಡಗಿಯನ್ನು ಕರೆತಂದರು. "ನಮ್ಮ ಶಾಲೆ ಬೆಂಚು ಮಾಡಿದ್ದು ಇವ್ರೇ. ಮಕ್ಕಳು ಅದರ ಮೇಲೆ ಮಾಡದ ಯುದ್ಧ ಇಲ್ಲ, ಇನ್ನೂ ಅಲುಗಾಡಿಲ್ಲ" ಅಂದರು.

ಹದಿನಾಲ್ಕು ವರ್ಷದ ಮೇಲೆ ಬಡಗಿ ಅಂಗಳಕ್ಕೆ ಕಾಲಿಟ್ಟ. ತಲೆ ನರೆತಿತ್ತು. ಎರಡು ದಿನ ಕೆಲಸ ಮಾಡಿದ. ಒಂದು ಮೊಳೆಯನ್ನೂ ಬಳಸಲಿಲ್ಲ, ಎಲ್ಲ ಮರದ ಗೂಟ. ಟ್ಯಾಂಕಿನ ಕೆಳಗೆ ಗಾಳಿಯಾಡಲೆಂದು ಗಟ್ಟಿ ರಬ್ಬರಿನ ಪಟ್ಟಿಗಳನ್ನು ಅಂತರ ಬಿಟ್ಟು ಕೂರಿಸಿದ. ಎರಡನೆಯ ದಿನ ಮೇಸ್ತ್ರಿ ಬಂದು ಪತ್ರಿಕೆಯ ಸುತ್ತನ್ನು ಅವನ ಮುಂದೆ ಬಿಚ್ಚಿದ.

"ಮೊಳೆ ಇರಲಿಲ್ಲ ಕಣೋ."

"ಇರಲಿಲ್ಲ ಅಂತ ನಂಗೊತ್ತು. ಬಡಿದೋನು ನಾನೇ ಅಲ್ವಾ."

"ನಂದೇ ತಪ್ಪು. ಈ ಕಂಬಳಿ..."

"ನಂಗ್ಯಾಕೆ ಹೇಳ್ತೀಯ? ಅವತ್ತು ಎಲ್ಲಿ ಹೇಳ್ದೆ, ಅಲ್ಲಿ ಹೇಳು."

ನ್ಯಾಯವಾದ ಮಾತು. ಚಹಾದ ಹೊತ್ತಿಗೆ ಮೇಸ್ತ್ರಿ ಕಂಬಳಿ ಹಿಡಿದುಕೊಂಡು ಹೋದ. ಅಂದು ನಕ್ಕವರಲ್ಲಿ ಉಳಿದವನು ನಾನೊಬ್ಬ. ಮಿಕ್ಕವರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು. ಈಗ ಕೂತಿದ್ದವರು ಹೊಸಬರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚುವವರು. ಬಡಗಿ ದೋಣಿಯ ಏಣಿಯ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ.

"ಒಂದು ಮಾತು ಹೇಳ್ಬೇಕು. ನನ್ನ ತಮ್ಮನ ತೊಟ್ಟಿಲಲ್ಲಿ ಮೊಳೆ ಎದ್ದಿರಲಿಲ್ಲ. ಟ್ಯಾಂಕು ತೂತಾಗಿದ್ದು ನಾನು ಹಾಸಿದ ಕಂಬಳಿಯಿಂದ."

ಬಣ್ಣದವನು ತಲೆ ಎತ್ತಿದ. "ಯಾವ ತಮ್ಮ? ಓ, ಮೊಳೆರಾಯನಾ? ಟ್ಯಾಂಕಿಗೆ ಮೊಳೆ ಚುಚ್ಚಿದೋನು?"

ಕಂಡವರು ಹೋಗಿದ್ದರೂ ಕತೆ ಗಟ್ಟಿಮುಟ್ಟಾಗಿತ್ತು.

"ಅವನು ಚುಚ್ಚಿಲ್ಲ ಅಂತಾನೇ ಹೇಳ್ತಿರೋದು. ಇದು ನೋಡಿ."

ಅವರು ಕಂಬಳಿ ನೋಡಿದರು. ಏಣಿಯ ಬಳಿ ನಿಂತವನನ್ನೂ ನೋಡಿದರು. ಎಂಜಿನ್ನಿನವನು ಎದ್ದು ಬಂದು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. "ಅಣ್ಣ ಅಂದ್ರೆ ಹೀಗಿರಬೇಕು ನೋಡಿ. ತಮ್ಮ ಕೆಲಸಕ್ಕೆ ವಾಪಸ್ ಬರ್ಲಿ ಅಂತ ಅವನ ತಪ್ಪನ್ನ ತನ್ನ ತಲೆಗೆ ಹಾಕ್ಕೊಳ್ತಿದ್ದಾರೆ."

ಎಲ್ಲರೂ ಹೌದು ಹೌದು ಅಂದರು. ಒಬ್ಬ ಅವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ.

ನಾನು ಎದ್ದು ನಿಂತೆ. "ನಿಜ ಕಣ್ರಪ್ಪ, ನಾನು ಕಣ್ಣಾರೆ ನೋಡಿದ್ದೀನಿ. ಆ ಹೆಸರಿಟ್ಟವನೂ ನಾನೇ" ಅಂದೆ. ನಗು ಎದ್ದಿತು. "ಸೊಳ್ಳೆ ಮೊಮ್ಮಕ್ಕಳನ್ನೂ ಸಾಕ್ಷಿಗೆ ಕರಿ ಅಜ್ಜ" ಎಂದ ಬಣ್ಣದವನು. ಬದುಕಿಡೀ ಸುಳ್ಳು ಹೊಸೆದವನು ಒಮ್ಮೆ ನಿಜ ಹೇಳಿದರೆ ಅದೂ ಒಂದು ತಮಾಷೆ.

ಮೇಸ್ತ್ರಿ ಕುರ್ಚಿಯಲ್ಲಿ ಕೂರಲಿಲ್ಲ. ಇನ್ನೊಮ್ಮೆ ಹೇಳಿದ, ಮೊದಲಿಂದ, ನಿಧಾನವಾಗಿ. ಹೇಳುತ್ತ ಹೇಳುತ್ತ ಕಂಬಳಿಯನ್ನು ಒಬ್ಬೊಬ್ಬರ ಕೈಗೂ ಕೊಟ್ಟ. ಅದನ್ನು ಕಂಡು ಅವರಿಗೆ ಅವನ ಮೇಲೆ ಗೌರವ ಇನ್ನೂ ಹೆಚ್ಚಿತು.

ಬಡಗಿ ಹತಾರಗಳನ್ನು ಒರಸಿ ಪೆಟ್ಟಿಗೆಗೆ ಹಾಕಿಕೊಂಡ. ತೊಟ್ಟಿಲ ಕೆಲಸ ಮುಗಿದಿತ್ತು. ಮೇಸ್ತ್ರಿ ಹಿಂದಿನಿಂದ ಓಡಿಬಂದು ಗೇಟಿನ ಬಳಿ ಅವನ ತೋಳು ಹಿಡಿದ. "ನಾಳೆ ಮತ್ತೆ ಹೇಳ್ತೀನಿ. ಅವರು ನಂಬೋವರೆಗೂ ಹೇಳ್ತೀನಿ ಕಣೋ."

ಬಡಗಿ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

"ಬೇಡ ಅಣ್ಣ. ಹೇಳಿದಷ್ಟೂ ನೀನೇ ದೊಡ್ಡೋನಾಗ್ತೀಯ."