ಮಾವನ ಬಾಣಂತನ

ನನ್ನ ಮಾವನಿಗೆ ಉಚ್ಚೆ ಕಟ್ಟುತ್ತಿತ್ತು. ನಯವಾಗಿ ಹೇಳಲು ನನಗೆ ಬರುವುದಿಲ್ಲ, ಹೀಗೇ ಬರೆಯುತ್ತೇನೆ.

ಸುರಪುರದ ಕಡೆ ಕೃಷ್ಣಾ ದಂಡೆಯ ಊರು ನಮ್ಮದು. ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು. ಸೇತುವೆ ಇರಲಿಲ್ಲ. ಸಂತೆಗೆ, ಮದುವೆಗೆ ಆಚೆ ದಂಡೆಗೆ ಹೋಗುವವರೆಲ್ಲ ಮಾವನ ಹರಗೋಲಿನಲ್ಲೇ ಕೂತು ದಾಟಬೇಕು. ಹೊರಡುವ ಮೊದಲು ಮಾವ ದೊಡ್ಡ ಕಲ್ಲಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ನಿಂತವರು ನಿಂತೇ ಇರುತ್ತಿದ್ದರು. ಬರುತ್ತಿದ್ದದ್ದು ನಾಲ್ಕು ಹನಿ. ನಡು ಹೊಳೆ ಮುಟ್ಟುವಷ್ಟರಲ್ಲಿ ಮತ್ತೆ ಅವಸರ.

“ಏ ಕಾಕಾ, ಕಲ್ಲಿಗಿ ಪೂಜಿ ಮಾಡಾಕತ್ತಿಯೇನ? ಲಗೂನ ಬಾ!” ಎಂದು ಜನ ಕೂಗುತ್ತಿದ್ದರು.

“ತಡಿ, ನಿನಗೂ ಅರವತ್ತು ಆಗಲಿ, ಆಮ್ಯಾಲ ನೋಡೂಣು,” ಎನ್ನುತ್ತಿದ್ದರು ಮಾವ.

ಒಂದು ದಿನ ಆ ನಾಲ್ಕು ಹನಿಯೂ ನಿಂತವು. ಹೊಟ್ಟೆ ಬಿಗಿದು ಕಲ್ಲಾಯಿತು. ಬಂಡಿ ಕಟ್ಟಿ ಸುರಪುರದ ದವಾಖಾನೆಗೆ ಒಯ್ದರು. ಅಲ್ಲಿ ರಬ್ಬರಿನ ನಳಿಗೆ ಹಾಕಿ ಉಚ್ಚೆ ಇಳಿಸಿ ಡಾಕ್ಟರು ಹೇಳಿದರಂತೆ: “ಒಳಗ ಗಡ್ಡಿ ಬೆಳದದ. ಕೆಟ್ಟ ಗಡ್ಡಿ ಅಲ್ಲ, ಆದರ ದಾರಿ ಮುಚ್ಚ್ಯದ. ಹೈದರಾಬಾದಿನಾಗ ವಿಲಾಯತಿಗೆ ಹೋಗಿ ಕಲ್ತು ಬಂದ ಡಾಕ್ಟರ್ ಸಾಬರು ಒಬ್ಬರು ಅದಾರ. ಹೊಟ್ಟಿ ಕೊಯ್ಯಲ್ಲ, ಒಳಗ ದುರ್ಬೀನು ಹಾಕಿ ತೆಗೀತಾರ.”

ಮಾವನಿಗೆ ಸಾವಿನ ಭಯ ಇರಲಿಲ್ಲ. “ಈ ನಳಗಿ ಹಾಕ್ಕೊಂಡು ಹರಗೋಲಿನಾಗ ಹ್ಯಾಂಗ ಕೂಡ್ಲಿ? ಹೊಳಿ ಬಿಟ್ಟು ನಾ ಏನು ಮಾಡ್ಲಿ?” ಎಂದು ಅದೊಂದೇ ಕೇಳುತ್ತಿದ್ದರು. ನನ್ನ ಗಂಡ ಅವರನ್ನು ಯಾದಗಿರಿಗೆ ಕರೆದೊಯ್ದು ರೈಲು ಹತ್ತಿಸಿದ, ತಾನೂ ಜೊತೆಗೆ ಹೋದ.

ಹದಿನೈದು ದಿನಕ್ಕೆ ತಿರುಗಿ ಬಂದರು. ನಳಿಗೆ ಇರಲಿಲ್ಲ. ನೋಡಲು ಬಂದವರಿಗೆಲ್ಲ ಮಾವ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಗೀರು ಕೂಡ ಇಲ್ಲ.

“ಕೊಯ್ದಿಲ್ಲ ಅಂದಮ್ಯಾಲ ಅದೆಂಥಾ ಆಪರೇಷನ್? ಮೋಸ ಮಾಡಿ ಕಳಿಸ್ಯಾರ!” ಎಂದಳು ಪಕ್ಕದ ಮನೆಯ ಮುದುಕಿ.

ಗಂಡ ಬಿಡಿಸಿ ಹೇಳಿದ. ಸಣ್ಣ ದೀಪ ಇರುವ ನಳಿಗೆಯನ್ನು ಉಚ್ಚೆಯ ದಾರಿಯಲ್ಲೇ ತೂರಿಸಿ, ಕರೆಂಟಿನ ತಂತಿಯಿಂದ ಗಡ್ಡೆಯನ್ನು ಚೂರುಚೂರಾಗಿ ಕೆರೆದು ತೆಗೆದಿದ್ದರು. ಕೆಲವು ದಿನ ಕೆಂಪಗೆ ಹೋಗುತ್ತದೆ, ಉರಿಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಆಮೇಲೆ ಬಹಳ ಮಂದಿಗೆ ಸರಿಹೋಗುತ್ತದೆ ಎಂದಿದ್ದರಂತೆ ಡಾಕ್ಟರು. “ದಿನಾ ಅರ್ಧ ಕೊಡ ನೀರು ಕುಡಿಸ್ರಿ ಅಂತ ಎರಡು ಸಲ ಹೇಳ್ಯಾರ,” ಎಂದ.

ಅತ್ತೆ ಕೇಳಿದರು: “ಆ ಡಾಕ್ಟರ್ ಎಷ್ಟು ಹಡದಾನ?”

ನಮ್ಮ ಮನೆಯಲ್ಲಿ ಹಡೆದ ಹೆಣ್ಣಿಗೆ ನೀರು ಕೊಡುತ್ತಿರಲಿಲ್ಲ. ಒಳಗೆ ಹಸಿ ಗಾಯ ಇರುತ್ತದೆ, ನೀರು ಕುಡಿದರೆ ಆರುವುದಿಲ್ಲ ಎಂದು ನಂಬಿಕೆ. ಅತ್ತೆ ಹೆಣ್ಣುಮಕ್ಕಳ, ಸೊಸೆಯಂದಿರ ಬಾಣಂತನವನ್ನೆಲ್ಲ ಹಾಗೇ ಮಾಡಿದವರು. ಮಾವನ ಗಾಯವೂ ಒಳಗೇ ಇದೆಯಲ್ಲ! ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟರು, ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿದರು, ಒಣ ರೊಟ್ಟಿ, ಬಳ್ಳೊಳ್ಳಿ ಖಾರ ಕೊಟ್ಟರು. ನೀರು ಬೆಳಿಗ್ಗೆ ಅರ್ಧ ಬಟ್ಟಲು, ಸಂಜೆ ಅರ್ಧ ಬಟ್ಟಲು. ನನ್ನ ಗಂಡ ಒಂದೆರಡು ಸಲ ಬಾಯಿ ತೆರೆದು, ಬೈಸಿಕೊಂಡು, ಹರಗೋಲು ಹಾಕಲು ಹೋದ. ಹೊಳೆಯ ಮಹಾಪೂರಕ್ಕೆ ಹೆದರದ ಮಾವ ಹೆಂಡತಿಗೆ ಹೆದರಿ ಸುಮ್ಮನೆ ಮಲಗಿದರು.

ನಾಲ್ಕನೆಯ ದಿನಕ್ಕೆ ಹಿತ್ತಲ ಗೋಡೆ ಹಿಡಿದು ಚೀರತೊಡಗಿದರು. ಬರುತ್ತಿದ್ದದ್ದು ಸ್ವಲ್ಪ, ಅದೂ ಬೆಲ್ಲದ ಪಾಕದ ಬಣ್ಣ. “ಎಲ್ಲಾ ಸುಳ್ಳಾತು. ಮತ್ತ ಆ ನಳಗೀನ ಗತಿ,” ಎಂದು ಕೂತು ಬಿಟ್ಟರು.

ನನಗೆ ನನ್ನ ಮೊದಲ ಬಾಣಂತನ ನೆನಪಾಯಿತು. ನಾಲಿಗೆ ಅಂಗುಳಕ್ಕೆ ಅಂಟಿ ಹೋಗುತ್ತಿತ್ತು. ಮೈಗೆ ನೀರು ಹಾಕುವಾಗ ಬಾಯಿ ತೆರೆದು ಎರಡು ಗುಟುಕು ಕದ್ದು ಕುಡಿಯುತ್ತಿದ್ದೆ. ಈಗ ಮತ್ತೆ ಬಸುರಿಯಾಗಿದ್ದೆ, ಆ ಬಾಯಾರಿಕೆ ನನ್ನ ಮುಂದೆಯೇ ಇತ್ತು.

ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಅತ್ತೆ ಬಟ್ಟೆ ಒಗೆಯಲು ಹೊಳೆಗೆ ಹೋದದ್ದೇ ತಡ, ತುಂಬಿದ ಕೊಡ, ಚರಗಿ ತಂದು ಹೊರಸಿನ ಹತ್ತಿರ ಇಟ್ಟೆ. ಸೆರಗು ಎಳೆದುಕೊಂಡು, ಕಟ್ಟಿದ್ದ ಕರುವಿನ ಕಡೆ ತಿರುಗಿ ಹೇಳಿದೆ: “ಡಾಕ್ಟರ್ ಹೇಳ್ಯಾರ, ನೀರು ಕುಡದ್ರ ಒಳಗ ತೊಳೀತದಂತ. ಕುಡಿಯೋರು ಕುಡೀಲಿ.”

ಮಾವನೂ ಕರುವಿಗೇ ಕೇಳಿದರು: “ನಿಮ್ಮತ್ತಿ ನೋಡಿದ್ರ?”

“ಹೊಳಿಗಿ ಹೋಗ್ಯಾರ. ಲಗೂನ ಕುಡೀಬೇಕು.”

ಚರಗಿ ಬಾಯಿಂದ ಇಳಿಸಲಿಲ್ಲ ಪುಣ್ಯಾತ್ಮ. ಮೂರು ದಿನ ಹೀಗೆ ಕದ್ದು ಕುಡಿಸಿದೆ. ಮೂರನೆಯ ದಿನ ಹುಣಸೆ ಬೀಜದಷ್ಟು ಕಪ್ಪು ರಕ್ತದ ಗಂಟೊಂದು ಬಿದ್ದು, ಅದರ ಹಿಂದೆಯೇ ಧಾರೆ ಬಂತು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಸಪ್ಪಳ ಕೇಳಿಸಿತು.

“ಇದೇನಿದು, ಎಮ್ಮಿ ಉಚ್ಚಿ ಹೊಯ್ದಂಗ ಆಗ್ಯದ?”

“ನಿನ್ನ ಸೊಸಿ ನೀರು ಕುಡಿಸ್ಯಾಳ,” ಎಂದರು ಮಾವ. ಖುಷಿಯಲ್ಲಿ ನನ್ನನ್ನು ಹಿಡಿದು ಕೊಟ್ಟರು.

ಅತ್ತೆ ಎರಡು ದಿನ ನನಗೆ ಬೆನ್ನು ಹಾಕಿಯೇ ಕೆಲಸ ಮಾಡಿದರು. ಆಮೇಲೆ ತಾವೇ ಕೊಡ ತುಂಬಿ ತಂದು ಹೊರಸಿನ ಹತ್ತಿರ ಕುಕ್ಕಿದರು. “ನಾ ಏನು ಕೇಡು ಬಯಸಿ ಮಾಡಿದ್ನೇನ?”

“ಹಂಗಂತ ಯಾರಂದ್ರು ಅತ್ತಿ?” ಎಂದೆ. ಕೇಡು ಬಯಸಿರಲಿಲ್ಲ, ಆದರೆ ಕೇಡು ಆಗುತ್ತಿತ್ತು. ಎರಡೂ ನಿಜ.

ಉರಿ ಹೋಯಿತು, ಬಣ್ಣ ತಿಳಿಯಾಯಿತು. ಆದರೆ ಕೆಮ್ಮಿದರೆ, ಎದ್ದರೆ ಹನಿ ಜಿನುಗುತ್ತಿತ್ತು. ನಾಚಿಕೆಗೆ ಮಾವ ಹೊಳೆಯ ಕಡೆ ಹೋಗಲೇ ಇಲ್ಲ. ಆಗ ಅತ್ತೆ ಹಳೆಯ ಸೀರೆ ಹರಿದು ಮಡಿಕೆ ಹಾಕಿ, ಕಟ್ಟಿಕೊಳ್ಳುವುದನ್ನು ಕಲಿಸಿದರು. “ಈಗ ತಿಳೀತೇನು ಹೆಂಗಸರ ಪಾಡು?” ಎಂದು ನಕ್ಕರು. ಮೊದಲು ದಿನಕ್ಕೆ ಐದಾರು ಬಟ್ಟೆ ಒಗೆಯುತ್ತಿದ್ದೆ. ಆಮೇಲೆ ಎರಡು. ಬಿಳಿಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಕಟ್ಟಿದ ಬಟ್ಟೆ ಸಂಜೆಗೂ ಒಣಗೇ ಇತ್ತು.

ಮರುದಿನ ಮಾವ ಹುಟ್ಟು ಹಿಡಿದು ಹೊಳೆಗೆ ಇಳಿದರು. ನಾನೂ ಅತ್ತೆಯೂ ದಂಡೆಯಲ್ಲಿದ್ದೆವು. ಮಾವ ಕಲ್ಲಿನ ಹಿಂದೆ ಹೋಗಲಿಲ್ಲ.

“ಕಾಕಾ, ಇವತ್ತು ಪೂಜಿ ಇಲ್ಲೇನು?”

“ದೇವರು ವರ ಕೊಟ್ಟಾನ, ಕೂಡು ಸುಮ್ನ!”

ಆಚೆ ಹೋಗಿ ಈಚೆ ಬಂದರು. ಅವಸರವಿಲ್ಲ, ಒದ್ದೆಯಿಲ್ಲ. ಪೂರ್ತಿ ಹರೆಯ ಬಂತೆಂದು ಹೇಳಲಾರೆ. ರಾತ್ರಿ ಒಂದು ಸಲ ಏಳುವುದು ಕೊನೆಯವರೆಗೂ ಇತ್ತು. ಆದರೆ ಮುಂದೆ ಬಹಳ ವರ್ಷ ಹೊಳೆ ದಾಟಿಸಿದರು, ನಳಿಗೆಯ ಮಾತು ಮತ್ತೆ ಬರಲಿಲ್ಲ.

ಬೇಸಿಗೆಗೆ ನಾನು ಹಡೆದೆ. ಹೊರಸಿನ ಕೆಳಗೆ ಕೆಂಡ ಬಂತು, ತಲೆಗೆ ಬಟ್ಟೆ ಬಂತು. ಅತ್ತೆ ಹೊರಗೆ ಹೋಗಿ ತುಂಬಿದ ಚರಗಿ ತಂದು ನನ್ನ ಕೈಗೆ ಕೊಟ್ಟರು.

“ಕುಡಿ. ನೀರು ಬರೇ ಗಂಡಸರ ಗಾಯಕ್ಕೇನು?”

ಕುಡಿದೆ. ಮುಗಿಸಿ ಇನ್ನೊಂದು ಚರಗಿ ಕೇಳಿದೆ.