ಅಕ್ಕುವಿನ ಹೆಸರಿಗಾಗಿ ಪೊವೇಗೆ

ಕಳೆದ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಸೋದರಮಾವ ಶೇಖರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನಾವಿರುವ ಸೆರಿಟೋಸ್‌ನಿಂದ ಹೊರಟೆ. ಪೊವೇಗೆ ಹತ್ತಿರ ಹತ್ತಿರ ನೂರು ಮೈಲಿ. ಕೋವಿಡ್ ಮುಗಿದ ಮೇಲೆ ಟೊರ್ರಿ ಪೈನ್ಸ್‌ನ ಲ್ಯಾಬ್ ಕೆಲಸ ಬಿಟ್ಟ ನನ್ನ ಮಗಳು ಅನಿತಾ, ಅಲ್ಲಿ ತಾನೇ ಬಿಯರ್ ತಯಾರಿಸಿ ಮಾರುವ ಪಬ್ಬನ್ನು ಆ ದಿನ ತೆರೆಯುವವಳಿದ್ದಳು. ಅದಕ್ಕೆ ನನ್ನ ಅಜ್ಜಿ ಅಕ್ಕುವಿನ ಹೆಸರಿಡುವ ಆಸೆ ಅವಳಿಗೆ. ಅಕ್ಕುವಿನ ಮಗನಾದ ಮಾವ ಒಪ್ಪಿರಲಿಲ್ಲ. ಅವರು ಒಪ್ಪದೆ ಬೋರ್ಡ್ ಹಾಕುವುದಿಲ್ಲವೆಂದು ಮಗಳು ಕೂತಿದ್ದಳು. ಒಪ್ಪಿಸಿಯೇ ತೀರುವೆನೆಂದು ನಾನೂ ಹಟ ತೊಟ್ಟಿದ್ದೆ.

"ಅಲ್ಲಿ ನಾನು ಕಾರಿಂದ ಇಳಿಯುದಿಲ್ಲ, ಈಗಲೇ ಹೇಳಿದ್ದೇನೆ" ಎಂದರು ಮಾವ.

"ಇಳಿಯಬೇಡಿ. ಬನ್ನಿ, ಅಷ್ಟೆ" ಎಂದೆ.

ಉಡುಪಿ ಕಡೆಯ ನಮ್ಮೂರಿನಲ್ಲಿ ಅಜ್ಜಿ ಗಡಂಗು, ಎಂದರೆ ಕಳ್ಳಿನಂಗಡಿ, ನಡೆಸುತ್ತಿದ್ದರು. ತೆಂಗಿನ ಮಡಲು ಹೊದಿಸಿದ ಮಾಡು, ಎರಡು ಬೆಂಚು, ಹುಳಿ ಕಳ್ಳಿನ ಜೊತೆ ಹುರಿದ ಬಂಗುಡೆ ಮೀನಿನ ವಾಸನೆ. ರಜೆಗೆ ಹೋದ ಮಕ್ಕಳಿಗೆ ಹಿಂಬಾಗಿಲೇ ದಾರಿ. ಆಗಷ್ಟೇ ಮರದಿಂದ ಇಳಿಸಿದ ಸಿಹಿ ಕಳ್ಳು ನಮಗೆ ತೆಂಗಿನ ಚಿಪ್ಪಿನಲ್ಲಿ ಸಿಗುತ್ತಿತ್ತು. ಗಲಾಟೆ ಮಾಡಿದವರನ್ನು ಅಜ್ಜಿ ಹೆಗಲು ಹಿಡಿದು ರಸ್ತೆಗೆ ಬಿಡುವುದನ್ನು ನೋಡುವುದೇ ನನಗೊಂದು ಹಬ್ಬ. ಆ ಗಡಂಗಿನ ದುಡ್ಡಿನಿಂದಲೇ ಮಾವ ಇಂಜಿನಿಯರ್ ಆದದ್ದು. ಇಲ್ಲಿ, ಪರದೇಶದಲ್ಲಿ, ಮಾತ್ರ ಕೇಳಿದವರಿಗೆಲ್ಲ "ನಮ್ಮದು ಹೋಟೆಲ್" ಎನ್ನುತ್ತಿದ್ದರು. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಕ್ಕೆ ಕಡಲು, ಅದರ ಮೇಲೆ ಮಂಜು. ಓಷನ್‌ಸೈಡ್‌ನಲ್ಲಿ ಇಳಿದು ಮೀನಿನ ಟ್ಯಾಕೋ ತಿಂದೆವು. "ಖಾರವೇ ಇಲ್ಲ ಮಾರಾಯ್ತಿ" ಎಂದು ಗೊಣಗಿದರು ಮಾವ. ನಾನು ವಿಷಯಕ್ಕೆ ಬಂದೆ.

"ಅಜ್ಜಿ ಯಾರಿಗೆ ಮೋಸ ಮಾಡಿದ್ರು ಮಾವ? ಎಂತಕ್ಕೆ ನಾಚಿಕೆ ನಿಮಗೆ?"

"ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರೇ ಇಲ್ಲ. 'ಗಡಂಗಿನವಳ ಮಗ' ಅಂತಲೇ ಕರೀತಿದ್ರು. ನಿನಗೆ ರಜೆಯ ಖುಷಿ ಮಾತ್ರ ಗೊತ್ತುಂಟು."

ಪಾಪ ಎನಿಸಿತು. ಹಾಗೆಂದು ಕಾರು ಹಿಂದಕ್ಕೆ ತಿರುಗಿಸಲಿಲ್ಲ.

ಪೊವೇಯಲ್ಲಿ ಚುರುಕು ಬಿಸಿಲು. ಬಿಸಿನೆಸ್ ಪಾರ್ಕಿನೊಳಗೆ, ಪಬ್ಬಿನ ಎದುರೇ ಕಾರು ನಿಲ್ಲಿಸಿದೆ. ಬಾಗಿಲ ಮೇಲೆ ಬೋರ್ಡಿನ ಜಾಗ ಖಾಲಿ. ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅನಿತಾ ಮೊದಲ ಗ್ಲಾಸ್ ತುಂಬಿಸಿ, ಸಾಲಿನ ಮುಂದಿದ್ದ ಗಡ್ಡದವನಿಗೆ ಕೊಡಲು ಕೈ ಚಾಚಿದಳು. ನೋಡುತ್ತಿದ್ದಂತೆ ಮಾವ ಕಾರಿನಿಂದ ಇಳಿದು ಒಳಗೆ ನುಗ್ಗಿದರು.

"ಏಯ್, ನಿಲ್ಲು! ಮೊದಲಿನದ್ದು ಗಿರಾಕಿಗೆ ಅಲ್ಲ!"

ಗ್ಲಾಸ್ ಕಸಿದುಕೊಂಡು ಬಂದು, ಹೊಸ್ತಿಲಾಚೆ ಬಗ್ಗಿ, ಅಷ್ಟೂ ಬಿಯರನ್ನು ನೆಲಕ್ಕೆ ಸುರಿದರು. ಗಡಂಗು ತೆರೆದ ಕೂಡಲೇ ಮೊದಲ ಚಿಪ್ಪಿನ ಕಳ್ಳನ್ನು ಅಜ್ಜಿ ದೈವಕ್ಕೆಂದು ಹೀಗೆಯೇ ಎರೆಯುತ್ತಿದ್ದರಂತೆ. ನನಗದು ಗೊತ್ತೇ ಇರಲಿಲ್ಲ.

"ವಾಟ್ಸ್ ದ್ಯಾಟ್ ಫಾರ್?" ಎಂದ ಗಡ್ಡದವ.

ಮಾವ ನೆಟ್ಟಗೆ ನಿಂತರು. "ಮೈ ಮದರ್ಸ್ ರೂಲ್. ಶಿ ರ್‍ಯಾನ್ ಎ ಪಬ್" ಎಂದರು, ಎಲ್ಲರಿಗೂ ಕೇಳುವಂತೆ. ಆಮೇಲೆ ಅನಿತಾಳತ್ತ ತಿರುಗಿ, "ಬೋರ್ಡ್ ಎಲ್ಲುಂಟು? ತಾ" ಎಂದರು.

ಸಂಜೆ ಸೆರಿಟೋಸ್‌ಗೆ ನಾನೊಬ್ಬಳೇ ಹಿಂದಿರುಗಿದೆ. ಅಮ್ಮನ ಅಂಗಡಿ ಮುಚ್ಚುವ ಮೊದಲೇ ಎದ್ದು ಹೋಗುವ ಅಭ್ಯಾಸ ತನಗಿಲ್ಲ ಎಂದರು ಮಾವ.